ಮೈಯನ್ನೇ ಆಳುವ ಧರ್ಮಪ್ರಭುತ್ವ, ಅದರ ವಿರುದ್ಧ ಏಳುವ ಜನ: ವಿಜ್ಞಾನ ಕಾದಂಬರಿ ಕಟ್ಟುವವರಿಗೆ ಸಮಗ್ರ ಮಾರ್ಗದರ್ಶಿ

ಧರ್ಮದ ಹೆಸರಿನಲ್ಲಿ ಆಳುವ ಒಂದು ಪೀಠ, ಅದರ ಕೈಯಲ್ಲಿ ಜೀನ್ ತಿದ್ದುವ ತಂತ್ರ, ಅದರ ವಿರುದ್ಧ ಏಳುವ ಜನ. ಇದನ್ನು ಹಿಡಿದು ಬರೆಯಲು ಹೊರಟವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಪ್ರಭುತ್ವವನ್ನು ಮೊದಲೇ ಸರ್ವಶಕ್ತ ಮಾಡಿಬಿಡುತ್ತಾರೆ. ಆಮೇಲೆ ಅದನ್ನು ಬೀಳಿಸಲು ದಾರಿ ಕಾಣದೆ, ಎಲ್ಲರಿಗಿಂತ ಬುದ್ಧಿವಂತನಾದ ಒಬ್ಬ ಹುಡುಗನನ್ನೋ ಒಂದು ಕಂಪ್ಯೂಟರ್ ವೈರಸ್ಸನ್ನೋ ಕೊನೆಯ ಅಧ್ಯಾಯಕ್ಕೆ ಕರೆತರುತ್ತಾರೆ.

ಈ ಮಾರ್ಗದರ್ಶಿ ನಿಂತಿರುವುದು ಒಂದು ಮಾತಿನ ಮೇಲೆ. ಜನರ ಮೈಯನ್ನು ಹಿಡಿತದಲ್ಲಿಟ್ಟುಕೊಳ್ಳುವ ಯಾವ ವ್ಯವಸ್ಥೆಯೂ ತಾನಾಗಿ ನಡೆಯುವುದಿಲ್ಲ. ಅದಕ್ಕೆ ದಿನವೂ ದುಡಿಯುವ ನರ್ಸ್, ಗುಮಾಸ್ತ, ಡ್ರೈವರ್, ಸೂಲಗಿತ್ತಿ, ಫ್ರಿಜ್ ರಿಪೇರಿಯವರು ಬೇಕು. ಪ್ರತಿರೋಧ ಹುಟ್ಟುವುದು ಅವರ ಕೈಗಳಲ್ಲಿ. ಆದ್ದರಿಂದ ವೀರರನ್ನು ಹುಡುಕುವ ಮೊದಲು ಆ ಕೆಲಸಗಳ ಪಟ್ಟಿ ಮಾಡಿ. ಮುಂದಿನ ಹೆಜ್ಜೆಗಳಿಗೆಲ್ಲ ಒಂದೇ ಕಲ್ಪಿತ ಉದಾಹರಣೆ ಇಟ್ಟುಕೊಂಡಿದ್ದೇವೆ: 12 ಲಕ್ಷ ಜನರ ಒಂದು ಪುಟ್ಟ ನಾಡು, ಅದನ್ನು ಆಳುವ ಒಂದು ಪೀಠ. ಲೆಕ್ಕಗಳನ್ನು ನಿಮ್ಮ ನಾಡಿಗೆ ಬೇಕಾದಂತೆ ಬದಲಿಸಿಕೊಳ್ಳಿ, ಆದರೆ ಲೆಕ್ಕ ಹಾಕುವುದನ್ನು ಮಾತ್ರ ಬಿಡಬೇಡಿ.

ಹೆಜ್ಜೆ 1: ಮೈಯಲ್ಲಿ ಏನು ಬದಲಾಗಿದೆ ಎಂದು ತೀರ್ಮಾನಿಸಿ

ಒಂದೇ ಬದಲಾವಣೆ ಸಾಕು. ಎರಡು ಇಟ್ಟರೆ ಓದುಗರು ನಿಯಮ ಮರೆಯುತ್ತಾರೆ, ಐದು ಇಟ್ಟರೆ ನೀವೇ ಮರೆಯುತ್ತೀರಿ.

ಕೈಬಿಡಬೇಕಾದ ಎರಡು ಉಪಾಯಗಳನ್ನು ಮೊದಲೇ ಹೇಳಿಬಿಡುತ್ತೇವೆ. ವಿಧೇಯತೆಯ ಜೀನ್ ಎಂಬುದು ಇಲ್ಲ. ಮನುಷ್ಯನ ವರ್ತನೆಯಲ್ಲಿ ಸಾವಿರಾರು ಜೀನ್‌ಗಳ ಸಣ್ಣ ಸಣ್ಣ ಪಾಲಿರುತ್ತದೆ, ಬೆಳೆದ ಮನೆ, ಊರುಗಳ ಪಾಲು ಬೇರೆ. ಇನ್ನೊಂದು ಜೀನ್ ಡ್ರೈವ್, ಅಂದರೆ ಒಂದು ಗುಣ ಅರ್ಧಕ್ಕಿಂತ ಹೆಚ್ಚು ಸಂತತಿಗೆ ದಾಟುವಂತೆ ಮಾಡುವ ತಂತ್ರ. ಸೊಳ್ಳೆಗಳಲ್ಲಿ ವರ್ಷಕ್ಕೆ ಹತ್ತಕ್ಕೂ ಹೆಚ್ಚು ತಲೆಮಾರು ಉರುಳುವುದರಿಂದ ಅಲ್ಲಿ ಅದಕ್ಕೆ ಅರ್ಥವಿದೆ. ಮನುಷ್ಯರಲ್ಲಿ ಒಂದು ತಲೆಮಾರಿಗೆ ಸುಮಾರು 25 ವರ್ಷ. ಯಾವ ಪೀಠಾಧಿಪತಿಯೂ ಅಷ್ಟು ಕಾಯುವುದಿಲ್ಲ.

ಕಥೆಗೆ ಗಟ್ಟಿಯಾಗಿ ನಿಲ್ಲುವುದು ಅವಲಂಬನೆ. ನಮ್ಮ ಉದಾಹರಣೆಗೆ ಬಯೋಟಿನ್ ತೆಗೆದುಕೊಳ್ಳೋಣ. ಇದು ಬಿ ಗುಂಪಿನ ಒಂದು ವಿಟಮಿನ್. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು. ಆಹಾರದಲ್ಲಿ ಪ್ರೋಟೀನಿಗೆ ಅಂಟಿಕೊಂಡ ಬಯೋಟಿನ್ನನ್ನು ಬಿಡಿಸಲು, ಬಳಸಿದ್ದನ್ನು ಮರಳಿ ಬಳಸಲು ದೇಹದಲ್ಲಿ ಬಯೋಟಿನಿಡೇಸ್ ಎಂಬ ಕಿಣ್ವವಿದೆ. ರಕ್ತಕ್ಕೆ ಅದನ್ನು ಮುಖ್ಯವಾಗಿ ಒದಗಿಸುವುದು ಯಕೃತ್ತು. ಈ ಕಿಣ್ವ ಇಲ್ಲದೆ ಹುಟ್ಟುವ ಮಕ್ಕಳು ನಿಜವಾಗಿಯೂ ಇದ್ದಾರೆ. ದಿನಕ್ಕೆ 5ರಿಂದ 10 ಮಿಲಿಗ್ರಾಂ ಶುದ್ಧ ಬಯೋಟಿನ್ ಕೊಡುತ್ತಾ ಹೋದರೆ ಅವರು ಎಲ್ಲರಂತೆ ಬೆಳೆಯುತ್ತಾರೆ. ನಿಲ್ಲಿಸಿದರೆ ಕಷ್ಟ. ಊಟದಿಂದ ತುಂಬಿಸಿಕೊಳ್ಳೋಣವೆಂದರೆ ಬೇಕಾಗುವುದು ಮಾಮೂಲಿನ ಸುಮಾರು 165ರಿಂದ 330 ಪಟ್ಟು.

ಪೀಠ ಪ್ರತಿ ಶಿಶುವಿಗೂ ಹುಟ್ಟಿದ ವಾರದೊಳಗೆ 'ದೀಕ್ಷೆ'ಯ ಚುಚ್ಚುಮದ್ದು ಕೊಟ್ಟು ಯಕೃತ್ತಿನಲ್ಲಿ ಈ ಒಂದು ಜೀನನ್ನು ನಿಷ್ಕ್ರಿಯಗೊಳಿಸುತ್ತದೆ, ಆಮೇಲೆ ಬದುಕಲು ಬೇಕಾದ ಬಯೋಟಿನ್ ಮಾತ್ರೆಯನ್ನು ತಾನೇ ಹಂಚುತ್ತದೆ ಎಂದಿಟ್ಟುಕೊಳ್ಳಿ. ಇದು ಇಂದಿನ ವಿಜ್ಞಾನದಿಂದ ಬಹಳ ದೂರವಿಲ್ಲ. ಜೀನ್ ಕತ್ತರಿಸಿ ತಿದ್ದುವ 'ಕ್ರಿಸ್ಪರ್' ಕತ್ತರಿಯ ಮೊದಲ ಪ್ರಬಂಧ ಬಂದದ್ದು 2012ರಲ್ಲಿ. 2021ರ ಹೊತ್ತಿಗೆ ಕೊಬ್ಬಿನ ಸೂಕ್ಷ್ಮಕಣಗಳಲ್ಲಿ ಕ್ರಿಸ್ಪರ್ ತುಂಬಿ ರಕ್ತನಾಳಕ್ಕೆ ಒಮ್ಮೆ ಹರಿಸಿ, ಯಕೃತ್ತಿನಿಂದ ಬರುವ ಒಂದು ಹಾನಿಕಾರಕ ಪ್ರೋಟೀನನ್ನು ಹೆಚ್ಚಿನ ಡೋಸ್ ಪಡೆದ ರೋಗಿಗಳಲ್ಲಿ ಸರಾಸರಿ 87 ಶೇಕಡಾ ಇಳಿಸಿದ ವರದಿ ಪ್ರಕಟವಾಗಿತ್ತು. ಅಲ್ಲಿ ಅದು ಚಿಕಿತ್ಸೆ. ನಿಮ್ಮ ಪೀಠ ಅದೇ ದಾರಿಯನ್ನು ತಿರುಗಿಸಿ ಬಳಸುತ್ತಿದೆ.

ಈಗ ನಿಯಮಗಳು ತಾವಾಗಿ ಹುಟ್ಟುತ್ತವೆ. ಇವನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ.

ಬದಲಾವಣೆ ಯಕೃತ್ತಿಗಷ್ಟೇ ಸೀಮಿತ, ಆದ್ದರಿಂದ ಮಕ್ಕಳಿಗೆ ದಾಟುವುದಿಲ್ಲ. ಪ್ರತಿ ತಲೆಮಾರಿಗೂ ಮತ್ತೆ ದೀಕ್ಷೆ ಬೇಕು. ಒಂದು ಹೆರಿಗೆ ಪೀಠದ ಕಣ್ಣು ತಪ್ಪಿದರೆ ಒಬ್ಬ ಸ್ವತಂತ್ರ ಮನುಷ್ಯ ಹುಟ್ಟಿದಂತೆ.

ಚುಚ್ಚುಮದ್ದು ಎಲ್ಲರಲ್ಲೂ ಪೂರ್ತಿ ಕೆಲಸ ಮಾಡುವುದಿಲ್ಲ. ಕಿಣ್ವದ ಚಟುವಟಿಕೆ ಮಾಮೂಲಿನ 10 ಶೇಕಡಾಕ್ಕಿಂತ ಕೆಳಗಿದ್ದರೆ ತೀವ್ರ ಕೊರತೆ, 10ರಿಂದ 30ರ ನಡುವೆ ಇದ್ದರೆ ಭಾಗಶಃ. ಭಾಗಶಃ ಇರುವವರು ಮಾತ್ರೆ ಇಲ್ಲದೆಯೂ ಬಹುಕಾಲ ಚೆನ್ನಾಗಿರಬಹುದು. ಪೀಠ ಅತಿ ಹೆಚ್ಚು ಹೆದರುವುದು ಇವರಿಗೆ, ಏಕೆಂದರೆ ಅವರು ಬದುಕಿರುವುದೇ ಬೋಧನೆಯನ್ನು ಸುಳ್ಳು ಮಾಡುತ್ತದೆ.

ಮಾತ್ರೆ ತಪ್ಪಿದ ರಾತ್ರಿಯೇ ಯಾರೂ ಸಾಯುವುದಿಲ್ಲ. ಹೊಸಬರ ಹಸ್ತಪ್ರತಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು. ಕೊರತೆ ವಾರಗಳಿಂದ ತಿಂಗಳುಗಳ ಅವಧಿಯಲ್ಲಿ ಮೈಮೇಲೆ ಬರುತ್ತದೆ. ಕಣ್ಣು, ಮೂಗು, ಬಾಯಿಯ ಸುತ್ತ ಕೆಂಪು ಗುಳ್ಳೆ, ಉದುರುವ ಕೂದಲು, ಸೋಲುವ ಸ್ನಾಯು, ಮಕ್ಕಳಲ್ಲಿ ಅಪಸ್ಮಾರ. ಕಿವಿ ಕೆಟ್ಟರೆ ಆಮೇಲೆ ಮಾತ್ರೆ ಕೊಟ್ಟರೂ ಅದು ಮರಳದೆ ಹೋಗಬಹುದು. ಕಥೆಗಾರರಿಗೆ ಈ ನಿಧಾನವೇ ಆಸ್ತಿ. ಬಹಿಷ್ಕಾರಕ್ಕೆ ಒಳಗಾದ ಕುಟುಂಬಕ್ಕೆ ಓಡಲು, ಬೇಡಲು, ಮಾರಿಕೊಳ್ಳಲು, ದ್ರೋಹ ಮಾಡಲು ಸಮಯವಿದೆ. ಮುಖದ ಮೇಲಿನ ಕೆಂಪನ್ನು ಪೀಠ 'ಪಾಪದ ಗುರುತು' ಎಂದು ಬೋಧಿಸಬಹುದು. ಬೀದಿಯಲ್ಲಿ ಎಲ್ಲರಿಗೂ ಕಾಣುವ ಗುರುತು ಅದು.

ಕೊನೆಯದು, ಬಯೋಟಿನ್ ಅಗ್ಗದ ವಸ್ತು, ಬಿಸಿಲಿಗೂ ಅಷ್ಟಾಗಿ ಕೆಡುವುದಿಲ್ಲ. ಅಂದಮೇಲೆ ಹಿಡಿತ ಇರುವುದು ವಸ್ತುವಿನಲ್ಲಲ್ಲ, ಅದನ್ನು ಇಟ್ಟುಕೊಳ್ಳುವುದನ್ನು ಅಪರಾಧ ಮಾಡಿದ ಕಾನೂನಿನಲ್ಲಿ.

ಹೆಜ್ಜೆ 2: ಜನ ಏಕೆ ನಂಬಿದರು?

ಮೋಸದಿಂದಷ್ಟೇ ಗದ್ದುಗೆ ಹಿಡಿದ ಪೀಠ ಕಾಗದದ ಮೇಲೂ ನಿಲ್ಲುವುದಿಲ್ಲ. ಅದು ಒಂದು ಕಾಲದಲ್ಲಿ ನಿಜವಾಗಿ ಯಾವುದೋ ಸಂಕಟ ಕಳೆದಿರಬೇಕು. 1494ರಲ್ಲಿ ಇಟಲಿಯ ಫ್ಲಾರೆನ್ಸನ್ನು ಆಳುತ್ತಿದ್ದ ಮೆದಿಚಿ ಮನೆತನ ಊರು ಬಿಟ್ಟು ಓಡಿದಾಗ ಊರಿಗೆ ಧೈರ್ಯ ಹೇಳಿದವನು ಸಾವೊನಾರೋಲಾ ಎಂಬ ಸಂನ್ಯಾಸಿ. ಅವನ ಅನುಯಾಯಿಗಳು ಕನ್ನಡಿ, ಚಿತ್ರ, ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟದ್ದು ಆಮೇಲೆ, 1497ರ ಫೆಬ್ರವರಿಯಲ್ಲಿ. ನಿಮ್ಮ ಪೀಠಕ್ಕೂ ಅಂಥದೊಂದು ಹಿಂದಿನ ಪುಣ್ಯ ಕೊಡಿ. ದೊಡ್ಡ ಸಾಂಕ್ರಾಮಿಕ ಬಂದು ಸರ್ಕಾರಿ ಆಸ್ಪತ್ರೆಗಳು ಕೈಚೆಲ್ಲಿದಾಗ ಪೀಠದ ಆಸ್ಪತ್ರೆಗಳು ಬಾಗಿಲು ತೆರೆದಿದ್ದವು ಎನ್ನಿ. ಆ ದಿನಗಳಲ್ಲಿ ಬದುಕುಳಿದ ಅಜ್ಜಿ ಕೊನೆಯವರೆಗೂ ಪೀಠದ ಪರವೇ ಇರಲಿ. ಅವಳನ್ನು ದಡ್ಡಿ ಮಾಡಬೇಡಿ.

ಪ್ರತಿ ಧರ್ಮಾಜ್ಞೆಗೂ ಎರಡು ಕಾರಣ ಬರೆಯಿರಿ: ಪ್ರವಚನದಲ್ಲಿ ಹೇಳುವುದೊಂದು, ಉಗ್ರಾಣ ಬಲ್ಲದ್ದೊಂದು. ನಮ್ಮ ಪೀಠ ಮೊಟ್ಟೆ, ಕೋಳಿ, ಯಕೃತ್ತಿನ ಮಾಂಸವನ್ನು ಅಶುದ್ಧ ಎಂದು ನಿಷೇಧಿಸಿದೆ. ಪ್ರವಚನದ ಕಾರಣ ಅಹಿಂಸೆ. ಉಗ್ರಾಣದ ಕಾರಣ, ಕೋಳಿ ಸಾಕಣೆ ಇದ್ದಲ್ಲಿ ಬಯೋಟಿನ್ ಇರುತ್ತದೆ. ಹೇಗೆಂದು ನಾಲ್ಕನೆಯ ಹೆಜ್ಜೆಯಲ್ಲಿ ನೋಡೋಣ. ಆದರೆ ಹೊರನಾಡಿಗೆ ಮಾರುವ ಕೋಳಿಯಿಂದ ಬರುವ ತೆರಿಗೆ ಪೀಠಕ್ಕೆ ಬೇಕೇ ಬೇಕು. ಹಾಗಾಗಿ ಗಡಿಯಂಚಿನಲ್ಲಿ ಫಾರಂಗಳು ಉಳಿದಿವೆ. ಶಾಸ್ತ್ರಕ್ಕೂ ಖಜಾನೆಗೂ ನಡುವೆ ಇಂಥ ಬಿರುಕು ಇಲ್ಲದಿದ್ದರೆ ಪಾತ್ರಗಳು ನುಸುಳಲು ಜಾಗವೇ ಇರುವುದಿಲ್ಲ.

ದಬ್ಬಾಳಿಕೆ ಮೊದಲು ತಟ್ಟುವುದು ಚಿಕ್ಕ ವಿಷಯಗಳಲ್ಲಿ. ಜಿನೀವಾದಲ್ಲಿ ಕ್ರೈಸ್ತ ಧರ್ಮಸುಧಾರಕ ಕ್ಯಾಲ್ವಿನ್ ಕಾಲದ ಧರ್ಮಮಂಡಳಿ ವಾರಕ್ಕೊಮ್ಮೆ ಸೇರಿ ಯಾರು ಪ್ರವಚನಕ್ಕೆ ಬಂದಿಲ್ಲ, ಯಾರು ಜಗಳವಾಡಿದರು ಎಂದು ವಿಚಾರಿಸುತ್ತಿತ್ತು. 1546ರಲ್ಲಿ ಅಲ್ಲಿನ ಒಬ್ಬ ಕ್ಷೌರಿಕ ಮಗನಿಗೆ ಕ್ಲೋಡ್ ಎಂದು ಹೆಸರಿಡಲು ಕೂಸನ್ನು ಚರ್ಚಿಗೆ ಒಯ್ದ. ಅದು ಹಳೆಯ ಸಂತನ ಹೆಸರೆಂದು ಪಾದ್ರಿ ಎಲ್ಲರೆದುರೇ ಕೂಸಿಗೆ ಅಬ್ರಹಾಂ ಎಂದು ಹೆಸರಿಟ್ಟುಬಿಟ್ಟ. ಅಪ್ಪ ಕೂಸನ್ನು ಕಿತ್ತುಕೊಂಡ, ಗಲಾಟೆಯಾಯಿತು, ಜೈಲಾಯಿತು. ಮರಣದಂಡನೆಯ ದೃಶ್ಯಕ್ಕಿಂತ ಈ ನಾಮಕರಣದ ದೃಶ್ಯ ಓದುಗರನ್ನು ಹೆಚ್ಚು ಕೆಣಕುತ್ತದೆ. ಮೊದಲ ಐವತ್ತು ಪುಟಗಳಲ್ಲಿ ಕೊಲೆ ಬೇಡ, ಇಂಥದ್ದು ಇರಲಿ.

ಪ್ರತಿರೋಧದ ಕಡೆಗೆ ಗಟ್ಟಿ ನಂಬಿಕಸ್ಥರನ್ನು ತನ್ನಿ. ನಾಸ್ತಿಕ ವಿಜ್ಞಾನಿ ವಿರುದ್ಧ ಮೂಢ ಪೂಜಾರಿ ಎಂಬ ಜೋಡಿ ಸವೆದಿದೆ, ಸತ್ಯವೂ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಪುರೋಹಿತಶಾಹಿಗೆ ಎದುರು ನಿಂತ ಶರಣರು ದೇವರನ್ನು ಬಿಟ್ಟವರಲ್ಲ, ಮಧ್ಯವರ್ತಿಯನ್ನು ಬಿಟ್ಟವರು. ಹರಳಯ್ಯನ ಮಗ, ಮಧುವರಸನ ಮಗಳ ಮದುವೆಗೆ ಬಂದ ಶಿಕ್ಷೆ ಎಷ್ಟು ಘೋರವಾಗಿತ್ತೆಂದು ಶರಣ ಪರಂಪರೆ ಇಂದಿಗೂ ನೆನೆಯುತ್ತದೆ. ನಿಮ್ಮ ಪೀಠದ ಪ್ರಬಲ ಎದುರಾಳಿ, ಅದೇ ಪೀಠದ ಮೂಲಗ್ರಂಥವನ್ನು ಬಾಯಿಪಾಠ ಬಲ್ಲವಳಾಗಿರಲಿ.

ಹೆಜ್ಜೆ 3: ದಿನದ ದುಡಿಮೆಯನ್ನು ಲೆಕ್ಕ ಹಾಕಿ

ಕಾದಂಬರಿಯ ಅರ್ಧ ಕಥಾವಸ್ತು ಇಲ್ಲೇ ಸಿಗುತ್ತದೆ, ಆದ್ದರಿಂದ ಪೆನ್ನು ಹಿಡಿದು ಕೂರಿ.

12 ಲಕ್ಷ ಜನ, ಸಾವಿರಕ್ಕೆ 15ರಂತೆ ಜನನ ಎಂದರೆ ವರ್ಷಕ್ಕೆ 18,000 ಕೂಸು, ವಾರಕ್ಕೆ ಸುಮಾರು 350. ಪೀಠಕ್ಕೆ 60 ದೀಕ್ಷಾ ಕೇಂದ್ರಗಳಿದ್ದರೆ ಒಂದೊಂದಕ್ಕೆ ವಾರಕ್ಕೆ ಆರು ಕೂಸು. ಒಂದು ಸೀಸೆಯಲ್ಲಿ ಹತ್ತು ಡೋಸ್ ಇದ್ದರೆ ದಿನವೂ ಸೀಸೆ ಒಡೆಯುವುದು ದಂಡ. ಹಾಗಾಗಿ ವಾರಕ್ಕೊಂದು 'ದೀಕ್ಷಾ ದಿನ' ಬರುತ್ತದೆ. ನೋಡಿ, ಒಂದು ಹಬ್ಬವೇ ಹುಟ್ಟಿತು, ಅದೂ ಸೀಸೆಯ ಗಾತ್ರದಿಂದ. ಜೊತೆಗೆ ಹೆರಿಗೆಗೂ ದೀಕ್ಷೆಗೂ ನಡುವೆ ಏಳು ದಿನದವರೆಗಿನ ಸಂದು ಹುಟ್ಟಿತು.

ಆ ಸಂದಿನಲ್ಲಿ ಕೆಲಸ ಮಾಡುವವಳು ಸೂಲಗಿತ್ತಿ. ಕೂಸು ಸತ್ತೇ ಹುಟ್ಟಿತು ಎಂದು ಬರೆಸಿ ಅದನ್ನು ಗಡಿ ದಾಟಿಸಬಹುದು. ಆದರೆ ಎಷ್ಟು? ಸತ್ತು ಹುಟ್ಟುವ ಪ್ರಮಾಣ ಸಾವಿರಕ್ಕೆ 12 ಎಂದು ಹಿಡಿದರೆ ನಾಡಿನಲ್ಲಿ ವರ್ಷಕ್ಕೆ 216. ಅದಕ್ಕೆ 20 ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ. 100 ಸೇರಿದರೆ ಅಂಕಿ ಇಣುಕುತ್ತದೆ. ಒಂದೇ ತಾಲೂಕಿನಲ್ಲಿ 20 ಸೇರಿದರೂ ಇಣುಕುತ್ತದೆ. ಪ್ರತಿರೋಧದ ಸಭೆಯಲ್ಲಿ "ಈ ವರ್ಷ ಎಷ್ಟು ಮಕ್ಕಳು?" ಎಂಬ ಪ್ರಶ್ನೆಗೆ ಒಂದು ಮಿತಿ ಇದೆ, ಆ ಮಿತಿಯಾಚೆಗಿನ ತಾಯಿಗೆ ಯಾರಾದರೂ "ಇಲ್ಲ" ಎನ್ನಲೇಬೇಕು. ಕಾದಂಬರಿಯ ಅತಿ ಕಠಿಣ ಅಧ್ಯಾಯ ಇದು. ಸೂಲಗಿತ್ತಿಗೆ ಇಷ್ಟು ಮನೆಗಳ ಒಳಮಾತು ಗೊತ್ತಿರಲು ಸಾಧ್ಯವೇ ಎಂದು ಅನುಮಾನ ಬೇಡ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಒಬ್ಬರೇ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಪಡೆದವರು.

ಇನ್ನು ಮಾತ್ರೆ. 60 ಕೇಂದ್ರ, ಒಂದೊಂದಕ್ಕೆ 20,000 ಜನ, ವಾರಕ್ಕೊಂದು ಹಂಚಿಕೆ ದಿನ, ಹತ್ತು ಕೌಂಟರ್, ಹತ್ತು ಗಂಟೆ. ಒಬ್ಬೊಬ್ಬರೇ ಬಂದರೆ ತಲೆಗೆ 18 ಸೆಕೆಂಡು. ನಾಲ್ಕು ಜನರ ಕುಟುಂಬಕ್ಕೆ ಒಬ್ಬರು ಬಂದರೆ 72 ಸೆಕೆಂಡು. ಅಷ್ಟರಲ್ಲಿ ಹೆಬ್ಬೆರಳು ಒತ್ತಿಸಿ, ಮಂತ್ರ ಹೇಳಿಸಿ, ಪೊಟ್ಟಣ ಕೊಡಬೇಕು. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರಿಗೆಲ್ಲ ಮುಂದಿನದು ಗೊತ್ತು: ಗಾರೆ ಕೆಲಸದವರ, ಬೀಡಿ ಕಟ್ಟುವವರ ಬೆರಳಚ್ಚು ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ, ಸರ್ವರ್ ಕೈಕೊಡುತ್ತದೆ, ಸಾಲು ಬೆಳೆಯುತ್ತದೆ. ಆಗ ಗುಮಾಸ್ತ ಪುಸ್ತಕದಲ್ಲಿ ಕೈಬರಹದಲ್ಲಿ ಬರೆದುಕೊಂಡು ಕಳಿಸುತ್ತಾನೆ. ಆ ಕೈಬರಹದ ಪುಸ್ತಕವೇ ನಿಮ್ಮ ಪ್ರತಿರೋಧದ ಮೊದಲ ಬಾಗಿಲು. ಸತ್ತವರ ಹೆಸರಿನಲ್ಲಿ ಪೊಟ್ಟಣ ಎತ್ತುವುದು ಅಲ್ಲಿಂದ.

ಸಾಗಣೆಯ ಎರಡು ಸರಪಳಿಗಳನ್ನು ಬೇರೆ ಬೇರೆ ಇಡಿ. ಮಾತ್ರೆಗೆ ಫ್ರಿಜ್ ಬೇಡ, ಲಾರಿಯಲ್ಲಿ ಹೋಗುತ್ತದೆ. ದೀಕ್ಷೆಯ ಚುಚ್ಚುಮದ್ದಿಗೆ ಕಟ್ಟುನಿಟ್ಟಾದ ಶೀತ ಬೇಕು. ಅಂಥದೇ ಕೊಬ್ಬಿನ ಕಣಗಳಲ್ಲಿ ತುಂಬಿದ ಕೋವಿಡ್ ಲಸಿಕೆಯೊಂದನ್ನು ಆರಂಭದಲ್ಲಿ ಮೈನಸ್ 60ರಿಂದ 80 ಡಿಗ್ರಿಯಲ್ಲಿ ಇಡಬೇಕಾಗಿತ್ತು, ಮಾಮೂಲಿ ಲಸಿಕೆಗಳಿಗೆ 2ರಿಂದ 8 ಡಿಗ್ರಿ ಸಾಕು. ಫ್ರೀಜರ್ ಒಂದು ರಾತ್ರಿ ಕೆಟ್ಟು, ಬೆಳಿಗ್ಗೆ ಯಾರೂ ಹೇಳದೆ ಅದೇ ಸೀಸೆ ಬಳಸಿದರೆ ಆ ವಾರದ ಮಕ್ಕಳಿಗೆ ದೀಕ್ಷೆ ಹತ್ತುವುದಿಲ್ಲ. ಅದಕ್ಕೆ ಬಾಂಬ್ ಬೇಡ. ಲೈನ್‌ಮನ್ ಒಬ್ಬ, ಥರ್ಮಾಮೀಟರ್ ನೋಡಿಯೂ ರಿಜಿಸ್ಟರಿನಲ್ಲಿ ನಿನ್ನೆಯ ಅಂಕಿಯನ್ನೇ ಬರೆಯುವ ನರ್ಸ್ ಒಬ್ಬಳು ಸಾಕು.

ಹೆಜ್ಜೆ 4: ಪ್ರತಿರೋಧಕ್ಕೆ ಕಚ್ಚಾವಸ್ತು ಎಲ್ಲಿಂದ?

ಮೊದಲು ಒಂದು ಎಚ್ಚರಿಕೆ: ಗ್ಯಾರೇಜಿನಲ್ಲಿ ಕೂತು ಜೀನ್ ಮರಳಿ ಸರಿಪಡಿಸುವ ಪಾತ್ರ ಬೇಡ. ಕತ್ತರಿ ಸುಲಭ, ಅದನ್ನು ಬೇಕಾದ ಅಂಗಕ್ಕೆ ತಲುಪಿಸುವುದು ಕಷ್ಟ. 2017ರಲ್ಲಿ ಜೋಸಯ್ಯ ಝೇನರ್ ಎಂಬ ಅಮೆರಿಕದ ಹವ್ಯಾಸಿ ಜೀವತಂತ್ರಜ್ಞರು ಸ್ನಾಯು ಬೆಳೆಯಲೆಂದು ಸಭೆಯ ಮುಂದೆ ತೋಳಿಗೆ ಕ್ರಿಸ್ಪರ್ ಚುಚ್ಚಿಕೊಂಡರು, ಸ್ನಾಯು ಬೆಳೆಯಲಿಲ್ಲ.

ಪ್ರತಿರೋಧಕ್ಕೆ ಬೇಕಾದದ್ದು ಬಯೋಟಿನ್ ಪುಡಿ, ಅದು ಇರುವುದು ಕೋಳಿ ಫೀಡ್ ಮಿಲ್ಲಿನಲ್ಲಿ. ಕೋಳಿ ಆಹಾರಕ್ಕೆ ವಿಟಮಿನ್ ಪ್ರಿಮಿಕ್ಸ್ ಬೆರೆಸುತ್ತಾರೆ, ಅದರಲ್ಲಿ ಬಯೋಟಿನ್ ಇರುತ್ತದೆ. ಫೀಡ್ ದರ್ಜೆಯ ಪುಡಿ ಸಾಮಾನ್ಯವಾಗಿ 2 ಶೇಕಡಾ ಬಯೋಟಿನ್, ಉಳಿದದ್ದು ತುಂಬುವ ವಸ್ತು. 500 ಜನರ ಗುಪ್ತ ಬಳಗಕ್ಕೆ ತಲೆಗೆ ದಿನಕ್ಕೆ 10 ಮಿಲಿಗ್ರಾಂನಂತೆ ತಿಂಗಳಿಗೆ 150 ಗ್ರಾಂ ಶುದ್ಧ ಬಯೋಟಿನ್ ಬೇಕು, ಅಂದರೆ 2 ಶೇಕಡಾ ಪುಡಿ ಏಳೂವರೆ ಕಿಲೋ. ಒಂದು ಚೀಲಕ್ಕಿಂತ ಕಡಿಮೆ, ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಹೋಗಬಹುದು.

ಇಷ್ಟಕ್ಕೇ ನಿಲ್ಲಿಸಿದರೆ ಕೋಳಿ ಸಾಕಿದ ಓದುಗ ನಿಮ್ಮನ್ನು ಹಿಡಿಯುತ್ತಾನೆ. ಒಂದು ಕಿಲೋ ಫೀಡಿಗೆ ಬೆರೆಯುವ ಬಯೋಟಿನ್ 0.2 ಮಿಲಿಗ್ರಾಂ ಎಂದು ಹಿಡಿಯಿರಿ. ಹತ್ತು ಸಾವಿರ ಕೋಳಿಗಳ ಫಾರಂ ಒಂದು ಬ್ಯಾಚಿಗೆ ಸುಮಾರು 35 ಟನ್ ತಿನ್ನುತ್ತದೆ. ಅಷ್ಟರಲ್ಲಿ ಇರುವುದು ಏಳು ಗ್ರಾಂ ಬಯೋಟಿನ್, ಅದೂ ಮೆಕ್ಕೆಜೋಳ, ಸೋಯಾ ಹಿಂಡಿಯಲ್ಲಿ ಬೆರೆತು ಹೋಗಿರುತ್ತದೆ. ಆದ್ದರಿಂದ ಕಳವು ಫಾರಂನಲ್ಲಿ ಆಗುವುದಿಲ್ಲ, ಬೆರೆಸುವ ಮೊದಲು ಮಿಲ್ಲಿನಲ್ಲೇ ಆಗಬೇಕು. ದಿನಕ್ಕೆ 50 ಟನ್ ತಯಾರಿಸುವ ಮಿಲ್ಲಿಗೆ ತಿಂಗಳಿಗೆ 300 ಗ್ರಾಂ ಬಯೋಟಿನ್ ಬರುತ್ತದೆ. ತೂಕ ಹಾಕುವ ಹುಡುಗ ಹತ್ತನೇ ಒಂದು ಪಾಲು ಎತ್ತಿದರೆ 30 ಗ್ರಾಂ, ನೂರು ಜನರ ಜೀವ. ತಲೆಗೆ 5 ಮಿಲಿಗ್ರಾಂ ಕೊಟ್ಟರೆ ಇನ್ನೂರು. ಯಾರಿಗೆ ಹತ್ತು, ಯಾರಿಗೆ ಐದು ಎಂದು ನಿರ್ಧರಿಸುವವರು ಯಾರು? ಇಲ್ಲಿ ನಿಮ್ಮ ಬಳಗ ಒಡೆಯಬಹುದು.

ಆಸೆಗೆ ಬಿದ್ದು ಅರ್ಧ ಎತ್ತಿದರೆ ಕೋಳಿಗಳೇ ಸಾಕ್ಷಿ ಹೇಳುತ್ತವೆ. ಬಯೋಟಿನ್ ಸಾಲದ ಮರಿಗಳ ಪಾದದ ಅಡಿ ಒಡೆದು ಹುಣ್ಣಾಗುತ್ತದೆ, ಕೊಕ್ಕಿನ ಮೂಲೆಯಲ್ಲಿ ಹೆಕ್ಕಳೆ ಕಟ್ಟುತ್ತದೆ. ಪೀಠದ ತನಿಖಾಧಿಕಾರಿ ಪಶುವೈದ್ಯನಾಗಿದ್ದರೆ ಒಂದು ಕೋಳಿಯನ್ನು ಮಗುಚಿ ಪಾದ ನೋಡಿದ ಕೂಡಲೇ ಅವನಿಗೆ ಎಲ್ಲವೂ ತಿಳಿಯುತ್ತದೆ. ಮಾತೇ ಇಲ್ಲದ ಈ ದೃಶ್ಯಕ್ಕೆ ಒಂದು ಪೂರ್ತಿ ಪುಟ ಕೊಡಿ.

ಇಂಥ ಪ್ರತಿರೋಧಕ್ಕೆ ಇತಿಹಾಸದ ಬೆಂಬಲವೂ ಇದೆ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಶಾಂಘೈಯನ್ನು ಹಿಡಿದಾಗ ಅಲ್ಲಿ ಇನ್ಸುಲಿನ್ ಸಿಗದಂತಾಯಿತು. ನಿರಾಶ್ರಿತೆ ಎವಾ ಸಾಕ್ಸ್‌ಲ್ ಸ್ವತಃ ಮಧುಮೇಹಿ. ಅವರು, ಪತಿ ವಿಕ್ಟರ್ ಒಂದು ವೈದ್ಯಕೀಯ ಪಠ್ಯಪುಸ್ತಕದ ವಿವರಣೆ ಹಿಡಿದು ಎಮ್ಮೆಯ ಮೇದೋಜೀರಕದಿಂದ ಕಂದು ಬಣ್ಣದ ಇನ್ಸುಲಿನ್ ತೆಗೆದರು. ಮೊಲಗಳ ಮೇಲೆ ಪರೀಕ್ಷಿಸಿ, 400ಕ್ಕೂ ಹೆಚ್ಚು ರೋಗಿಗಳನ್ನು ಉಳಿಸಿದರು. ಇಲ್ಲಿ ಗಮನಿಸಬೇಕಾದದ್ದು ಮೊಲ. ತಯಾರಾದ ಔಷಧದ ಬಲ ಎಷ್ಟೆಂದು ಅಳೆಯದೆ ಕೊಟ್ಟರೆ ಅದೇ ಕೊಲ್ಲುತ್ತದೆ. ಬಯೋಟಿನ್ ಅಷ್ಟು ಅಪಾಯಕಾರಿಯಲ್ಲ, ಆದರೂ ನಿಮ್ಮ ಬಳಗಕ್ಕೆ ಒಂದು ನಿಖರವಾದ ತಕ್ಕಡಿ ಬೇಕು. ಚಿನ್ನದಂಗಡಿಯವನೊಬ್ಬನನ್ನು ಒಳಗೆ ತನ್ನಿ.

ಬೀಜದ ಕಡೆಯಿಂದ ಕಥೆ ಕಟ್ಟುವವರಿಗೂ ಇದೇ ತರ್ಕ. ಎರಡನೇ ತಲೆಮಾರಿಗೆ ಮೊಳೆಯದ ಬೀಜದ ಪೇಟೆಂಟ್ ಅಮೆರಿಕದಲ್ಲಿ 1998ರ ಮಾರ್ಚಿನಲ್ಲಿ ಮಂಜೂರಾಯಿತು. ಅದೇ ವರ್ಷದ ಕೊನೆಗೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಕಡೆ ಕುಲಾಂತರಿ ಬಿಟಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟಿತು. 2001ರ ನಮ್ಮ ತಳಿ ಸಂರಕ್ಷಣಾ ಕಾಯಿದೆ ಅಂಥ ಬಂಜೆ ಬೀಜದ ನೋಂದಣಿಗೆ ಬಾಗಿಲು ಮುಚ್ಚಿತು. ಇನ್ನೊಂದು ಮಗ್ಗುಲನ್ನೂ ಬರೆಯಿರಿ: ಅದೇ 2001ರಲ್ಲಿ ಗುಜರಾತಿನ ರೈತರು ಇನ್ನೂ ಒಪ್ಪಿಗೆ ಸಿಗದ ಬಿಟಿ ಹತ್ತಿಯನ್ನು ಸಾವಿರಾರು ಎಕರೆಯಲ್ಲಿ ಬೆಳೆದದ್ದು ಬೆಳಕಿಗೆ ಬಂತು. ಜನ ತಂತ್ರಜ್ಞಾನವನ್ನು ಸುಡುತ್ತಾರೆ, ಕದ್ದೂ ಬೆಳೆಯುತ್ತಾರೆ.

ಹೆಜ್ಜೆ 5: ದಾಖಲೆ, ಡಿಎನ್‌ಎ ಮತ್ತು ಅದರ ತೂತುಗಳು

ಇಡೀ ಜನಸಂಖ್ಯೆಯ ಡಿಎನ್‌ಎ ಸಂಗ್ರಹ ಕೇವಲ ಕಲ್ಪನೆಯಲ್ಲ. ಕುವೈತ್ 2015ರಲ್ಲಿ ಅಂಥ ಕಾನೂನು ಮಾಡಿತ್ತು, ಅಲ್ಲಿನ ಸಂವಿಧಾನ ನ್ಯಾಯಾಲಯ 2017ರಲ್ಲಿ ಅದನ್ನು ರದ್ದು ಮಾಡಿತು. ಎಲ್ಲರ ಮಾದರಿ ಬೇಕೆಂದೂ ಇಲ್ಲ. 2018ರಲ್ಲಿ ಕ್ಯಾಲಿಫೋರ್ನಿಯಾದ ಹಳೆಯ ಸರಣಿ ಕೊಲೆಗಾರ ಸಿಕ್ಕಿಬಿದ್ದದ್ದು ದೂರದ ಸಂಬಂಧಿಕರ ಡಿಎನ್‌ಎ ಮೂಲಕ. ನಿಮ್ಮ ಪಾತ್ರ ಓಡಿಹೋದರೂ ಅವಳ ಚಿಕ್ಕಪ್ಪನ ಮಗನ ರಕ್ತ ಪೀಠದ ಬಳಿ ಇದೆ.

ಆದರೆ ಯಂತ್ರ ಹೇಳಿದ್ದೆಲ್ಲ ಸತ್ಯವಲ್ಲ. ಜರ್ಮನಿಯಲ್ಲಿ ಒಬ್ಬ ಹೆಂಗಸಿನ ಡಿಎನ್‌ಎ ಕೊಲೆ, ಕಳ್ಳತನ ಸೇರಿ ಸುಮಾರು 40 ಕಡೆ ಸಿಕ್ಕಿತ್ತು. ವರ್ಷಗಟ್ಟಲೆ ಹುಡುಕಿದರು. 2009ರಲ್ಲಿ ಗೊತ್ತಾದದ್ದು, ಅದು ಮಾದರಿ ತೆಗೆಯುವ ಹತ್ತಿಕಡ್ಡಿಗಳನ್ನು ಪ್ಯಾಕ್ ಮಾಡುತ್ತಿದ್ದ ಕಾರ್ಮಿಕಳದ್ದು ಎಂದು. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರ ರಕ್ತದಲ್ಲಿ ದಾನಿಯ ಡಿಎನ್‌ಎ ಇರುತ್ತದೆ. ಇಂಥ ತೂತುಗಳಲ್ಲಿ ಒಂದನ್ನು ಆರಿಸಿ, ಎಲ್ಲವನ್ನೂ ತುರುಕಬೇಡಿ.

ನಮ್ಮ ಉದಾಹರಣೆಗೇ ಹೊಂದುವ ಒಂದು ತೂತಿದೆ. ಹಲವು ಪ್ರಯೋಗಾಲಯ ಪರೀಕ್ಷೆಗಳು ಬಯೋಟಿನ್ನನ್ನೇ ಅಂಟಾಗಿ ಬಳಸುತ್ತವೆ. ರಕ್ತದಲ್ಲಿ ಅದು ಹೆಚ್ಚಿದ್ದರೆ ಥೈರಾಯ್ಡ್, ಹೃದಯಾಘಾತದ ಪರೀಕ್ಷೆಗಳು ತಪ್ಪು ಅಂಕಿ ತೋರಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿತ್ತು. ಪೀಠದ ನಾಡಿನಲ್ಲಿ ಎಲ್ಲರೂ ದಿನಕ್ಕೆ 10 ಮಿಲಿಗ್ರಾಂ ನುಂಗುವವರೇ. ಅಂಥವರ ನಡುವೆ ಒಬ್ಬಳ ಥೈರಾಯ್ಡ್ ವರದಿ ಹಳೆಯ ಪುಸ್ತಕದಲ್ಲಿದ್ದಂತೆ ನೇರವಾಗಿ ಬಂದರೆ, ಅವಳು ಮಾತ್ರೆ ನುಂಗುತ್ತಿಲ್ಲ, ಆದರೂ ಆರೋಗ್ಯವಾಗಿದ್ದಾಳೆ ಎಂದರ್ಥ. ಲ್ಯಾಬ್ ಟೆಕ್ನಿಷಿಯನ್ ಆ ಹಾಳೆಯನ್ನು ಮೇಲಕ್ಕೆ ಕಳಿಸುವನೇ, ಹರಿದು ಹಾಕುವನೇ?

ದಾಖಲೆ ನಾಶಪಡಿಸುವ ದೃಶ್ಯ ಬೇಕಿದ್ದರೆ ನಾಜಿಗಳ ಹಿಡಿತದಲ್ಲಿದ್ದ ಆಮ್‌ಸ್ಟರ್‌ಡ್ಯಾಮನ್ನು ಓದಿಕೊಳ್ಳಿ. 1943ರ ಮಾರ್ಚ್ 27ರ ರಾತ್ರಿ ಕಲಾವಿದರ, ವಿದ್ಯಾರ್ಥಿಗಳ ಒಂದು ಗುಂಪು ಪೊಲೀಸ್ ವೇಷದಲ್ಲಿ ಜನಸಂಖ್ಯಾ ನೋಂದಣಿ ಕಚೇರಿಗೆ ನುಗ್ಗಿ, ಕಾವಲುಗಾರರಿಗೆ ನಿದ್ರೆ ಮದ್ದು ಚುಚ್ಚಿ, ಕಡತಗಳನ್ನು ಸ್ಫೋಟಿಸಿತು. ಸುಟ್ಟದ್ದು ಒಂದು ಪಾಲು ಮಾತ್ರ. ಹಾನಿ ಹೆಚ್ಚಿಸಿದವರು ಅಗ್ನಿಶಾಮಕರು: ಬೇಕೆಂದೇ ತಡವಾಗಿ ಬಂದರು, ಬೇಕಾದ್ದಕ್ಕಿಂತ ಹೆಚ್ಚು ನೀರು ಸುರಿದು ಉಳಿದ ಕಾರ್ಡುಗಳನ್ನು ತೋಯಿಸಿದರು. ಗುಂಪಿನ ಹನ್ನೆರಡು ಮಂದಿಯನ್ನು ನಾಜಿಗಳು ಗುಂಡಿಟ್ಟು ಕೊಂದರು. ಫ್ರಾನ್ಸಿನ ರೆನೆ ಕಾರ್ಮಿಲ್ ಇನ್ನೂ ಸದ್ದಿಲ್ಲದ ದಾರಿ ಹಿಡಿದರು. ಜನಗಣತಿ ವಿಭಾಗದ ಮುಖ್ಯಸ್ಥರಾಗಿದ್ದುಕೊಂಡೇ, ಯೆಹೂದಿಯೇ ಎಂದು ಗುರುತಿಸುವ 11ನೇ ಅಂಕಣ ಪಂಚ್ ಕಾರ್ಡುಗಳಲ್ಲಿ ತೂತಾಗದಂತೆ ನೋಡಿಕೊಂಡರು. 1945ರ ಜನವರಿಯಲ್ಲಿ ನಾಜಿಗಳ ಡಾಖಾವ್ ಶಿಬಿರದಲ್ಲಿ ತೀರಿಕೊಂಡರು. ಇವರೆಲ್ಲ ತೆತ್ತ ಬೆಲೆಯನ್ನು ನಿಮ್ಮ ಪಾತ್ರಗಳೂ ತೆರಬೇಕು. ಯಾರೂ ಸಿಕ್ಕಿಬೀಳದ ಪ್ರತಿರೋಧ ಬರೆದರೆ ಸತ್ತವರಿಗೆ ಅನ್ಯಾಯ.

ಹೆಜ್ಜೆ 6: ಬಳಗ, ಮಾತು, ದ್ರೋಹ

ಒಬ್ಬರಿಗೆ ನಾಲ್ಕೈದು ಜನರಿಗಿಂತ ಹೆಚ್ಚು ಗೊತ್ತಿರಬಾರದು. ನಮ್ಮ ಊರುಗಳಲ್ಲಿ ಇದು ಕಷ್ಟ, ಎಲ್ಲರಿಗೂ ಎಲ್ಲರೂ ಗೊತ್ತು, ನೆಂಟಸ್ತಿಕೆ ಬೇರೆ. ಈ ಕಷ್ಟವನ್ನು ಮರೆಮಾಚಬೇಡಿ, ಬಳಸಿ. ಮೈದುನನೇ ಮಾಹಿತಿದಾರನಾದರೆ ಹಬ್ಬದ ಊಟಕ್ಕೆ ಅವನನ್ನು ಕರೆಯದಿರುವುದೇ ಸುಳಿವಾಗುತ್ತದೆ. ದ್ರೋಹಕ್ಕೆ ದುಷ್ಟತನ ಬೇಡ. ಮಗುವಿನ ಮುಖದಲ್ಲಿ ಕೆಂಪು ಗುಳ್ಳೆ ಎದ್ದು ಆರನೇ ವಾರವಾಗಿ, ಕರೆದರೆ ಅದು ತಿರುಗಿ ನೋಡುತ್ತಿಲ್ಲ ಎಂಬುದು ಸಾಕು. ಅಂಥ ಅಪ್ಪನನ್ನು ಕ್ಷಮಿಸುವ ಹೊಣೆಯನ್ನು ಓದುಗರಿಗೇ ಬಿಡಿ.

ನಿಷೇಧಿತ ಸಾಹಿತ್ಯ ಚಿಕ್ಕದಿರಲಿ, ಬಾಯಲ್ಲಿ ಕೂರುವಂತಿರಲಿ. ವಚನಗಳು ಕಲ್ಯಾಣದ ಕುಸಿತದಾಚೆಗೂ ಉಳಿದದ್ದು ಬಿಡಿ ಬಿಡಿಯಾಗಿ ನೆನಪಿನಲ್ಲಿಡಬಹುದಾದ್ದರಿಂದಲೂ ಹೌದು, ಓಲೆಗರಿಯ ಕಟ್ಟುಗಳನ್ನು ಮನೆಮನೆಗಳಲ್ಲಿ ಕಾಪಾಡಿದ್ದರಿಂದಲೂ ಹೌದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫ.ಗು. ಹಳಕಟ್ಟಿಯವರು ಅಂಥ ಕಟ್ಟುಗಳನ್ನು ಹುಡುಕಿ ಅಚ್ಚಿಗೆ ತಂದರು. ನಿಮ್ಮ ನಾಡಿನ ಗ್ರಂಥವೂ ಎಂಟು ಸಾಲಿನ ತುಂಡುಗಳಾಗಿರಲಿ, ಅವನ್ನು ನೀವೇ ಬರೆಯಬೇಕು.

ಪೀಠದ ಭಾಷೆ ಕಚೇರಿ ಕನ್ನಡವಾಗಿರಲಿ, ಕರ್ತೃವೇ ಇಲ್ಲದ ವಾಕ್ಯಗಳು: "ದೀಕ್ಷೆಗೆ ಹಾಜರುಪಡಿಸದ ಶಿಶುಗಳ ಪೋಷಕರ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು." ಯಾರು ಜರುಗಿಸುತ್ತಾರೆ ಎಂದು ಅದರಲ್ಲಿ ಇಲ್ಲ. ಪ್ರತಿರೋಧದವರು ಮಾತಾಡುವುದು ಅಡುಗೆಮನೆಯ ಮಾತು, ಗುಟ್ಟುಗಳೂ ಅಲ್ಲಿಯವೇ. "ಹೆಪ್ಪು ಬಂತಾ ಅಕ್ಕ?" ಎಂದರೆ ಪುಡಿ ತಲುಪಿತೇ ಎಂದು.

ಹೆಜ್ಜೆ 7: ಬೀಳುವುದು ಹೇಗೆ

ಸಂಶೋಧಕರಾದ ಎರಿಕಾ ಚೆನೊವೆತ್, ಮರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ಚಳವಳಿಗಳನ್ನು ಹೋಲಿಸಿದಾಗ ಅಹಿಂಸಾತ್ಮಕವಾದವು ಸುಮಾರು 53 ಶೇಕಡಾ ಗೆದ್ದಿದ್ದವು, ಸಶಸ್ತ್ರವಾದವು 26 ಶೇಕಡಾ. ಮುಖ್ಯ ಕಾರಣ ಹೆಚ್ಚು ಬಗೆಯ ಜನ ಸೇರಿಕೊಳ್ಳುವುದು, ಅದರಿಂದ ಪೊಲೀಸರು, ಅಧಿಕಾರಿಗಳು ಪಕ್ಷ ಬದಲಿಸುವುದು. ಇರಾನಿನಲ್ಲಿ ತಂಬಾಕಿನ ಗುತ್ತಿಗೆಯನ್ನು ಬ್ರಿಟಿಷ್ ಕಂಪನಿಗೆ ಕೊಟ್ಟದ್ದರ ವಿರುದ್ಧ 1891ರಲ್ಲಿ ಜನ ಹುಕ್ಕಾ ಬಿಟ್ಟರು, ದೊರೆಯ ಅಂತಃಪುರದಲ್ಲೂ ಬಿಟ್ಟರು. ಮುಂದಿನ ವರ್ಷವೇ ಗುತ್ತಿಗೆ ರದ್ದಾಯಿತು. ಅಂತಃಪುರದವರೆಗೆ ಮುಟ್ಟುವ ಇಂಥ ಒಂದು ನಿರಾಕರಣೆ ನಿಮ್ಮ ಕಾದಂಬರಿಗೂ ಬೇಕು.

ಧರ್ಮಪ್ರಭುತ್ವಕ್ಕೆ ಮಾತ್ರ ಇರುವ ಇನ್ನೊಂದು ದೌರ್ಬಲ್ಯ ಪವಾಡದ ಸಾಲ. 1498ರ ಏಪ್ರಿಲ್ 7ರಂದು ಫ್ಲಾರೆನ್ಸಿನಲ್ಲಿ ಸಾವೊನಾರೋಲಾನ ಪಕ್ಷದವರೂ ಎದುರಾಳಿಗಳೂ ಬೆಂಕಿಯ ಮೇಲೆ ನಡೆದು ಸತ್ಯ ತೋರಿಸಬೇಕಿತ್ತು. ಜನ ಇಡೀ ದಿನ ಕಾದರು, ಎರಡೂ ಕಡೆಯವರು ನಿಯಮಗಳ ಬಗ್ಗೆ ವಾದಿಸಿದರು, ಮಳೆ ಬಂತು, ಯಾರೂ ಬೆಂಕಿಗೆ ಇಳಿಯಲಿಲ್ಲ. ಮರುದಿನವೇ ಜನ ಅವನ ಮಠಕ್ಕೆ ನುಗ್ಗಿದರು. ನಮ್ಮ ಪೀಠ "ಮಾತ್ರೆ ಬಿಟ್ಟವನು ನೂರು ದಿನ ಬದುಕಲಾರ" ಎಂದು ಸಾರಿದೆ ಎನ್ನಿ. ಭಾಗಶಃ ಕೊರತೆಯ ಹದಿನಾರು ಜನ ದೇಗುಲದ ಮುಂದೆ ಕೂತು ಎಲ್ಲರೆದುರು ಮಾತ್ರೆ ಬಿಡುತ್ತಾರೆ. ದಿನ ಎಣಿಕೆ ಶುರು. ಅವರಲ್ಲಿ ಇಬ್ಬರದು ಭಾಗಶಃ ಅಲ್ಲ, ತೀವ್ರ ಕೊರತೆ. ಅವರಿಗೆ ಅದು ಗೊತ್ತಿದೆ, ಬೇರೆ ಯಾರಿಗೂ ಗೊತ್ತಿಲ್ಲ.

ಹೆಜ್ಜೆ 8: ಬಿದ್ದ ಮರುವಾರ

ಹೆಚ್ಚಿನ ಕಾದಂಬರಿಗಳು ಬಾವುಟ ಇಳಿದ ಕೂಡಲೇ ಮುಗಿಯುತ್ತವೆ. ನಿಮ್ಮದು ಮುಗಿಯುವಂತಿಲ್ಲ, ಏಕೆಂದರೆ ಪೀಠ ಹೋದರೂ ಯಕೃತ್ತು ಬದಲಾಗಿಲ್ಲ. 12 ಲಕ್ಷ ಜನರಿಗೆ ದಿನಕ್ಕೆ 12 ಕಿಲೋ ಶುದ್ಧ ಬಯೋಟಿನ್ ಬೇಕು, ವಾರಕ್ಕೆ 84 ಕಿಲೋ. ಉಗ್ರಾಣದಲ್ಲಿ ಎಷ್ಟಿದೆ? ಬೀಗದ ಕೈ ಯಾರ ಬಳಿ ಇದೆ? ಕಾರ್ಖಾನೆಯ ಯಂತ್ರ ನಡೆಸಲು ಬರುವವರು ಪೀಠದ ನಿಷ್ಠರೇ ಆಗಿದ್ದರೆ ಅವರನ್ನು ಜೈಲಿಗೆ ಹಾಕುವುದೋ, ಕೆಲಸಕ್ಕೆ ಕರೆಯುವುದೋ? ಸುಟ್ಟ ಜನನೋಂದಣಿ ಪುಸ್ತಕ ಈಗ ಹಂಚಿಕೆಗೆ ಬೇಕಾಗಿದೆ. ಹೊಸ ಸಮಿತಿಯ ಮೊದಲ ಸಭೆಯ ಮುಂದೆ ಈ ನಾಲ್ಕು ವಿಷಯ ಇಡಿ, ಮೊದಲ ಮಾತು ತಕ್ಕಡಿ ಹಿಡಿದವನದ್ದಾಗಿರಲಿ. ಮಾಮೂಲಿ ಹಂಚಿಕೆ ದಿನ ಸೋಮವಾರವಾಗಿದ್ದರೆ ಸಭೆಯನ್ನು ಶುಕ್ರವಾರ ಸಂಜೆಗೆ ಇಟ್ಟುಕೊಳ್ಳಿ.